ಗಿಟ್‌ನಲ್ಲಿ ಒಂದೇ ಕಮಿಟ್ ಎರಡೆರಡು ಸಲ ಕಾಣುತ್ತಿದೆಯೇ? ‘ಫೋರ್ಸ್ ಪುಶ್ ಮಾಡಿ, ಸರಿಹೋಗುತ್ತೆ’ ಎಂಬ ಸಲಹೆ ಎಷ್ಟು ಸರಿ?

ತಂಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಸ್ಕ್ರೀನ್‌ಶಾಟ್ ಹಾಕುತ್ತಾರೆ: ರೆಪೊಸಿಟರಿಯಲ್ಲಿ ಪ್ರತಿ ಕಮಿಟ್ ಎರಡೆರಡು ಸಲ ಇದೆ. ತಕ್ಷಣ ಉತ್ತರ ಬರುತ್ತದೆ, ‘ಫೋರ್ಸ್ ಪುಶ್ ಮಾಡು’. ಈ ಸಲಹೆ ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದೆ ಮಾಡಿದರೆ ಪಕ್ಕದವರ ಕೆಲಸ ಶಾಖೆಯಿಂದ ಅಳಿಸಿಹೋಗಬಹುದು.

ಗಿಟ್ ಎಂದರೆ ಕೋಡ್‌ನ ಬದಲಾವಣೆಗಳನ್ನು ಹಂತಹಂತವಾಗಿ ದಾಖಲಿಸುವ ತಂತ್ರಾಂಶ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಇದನ್ನು ಬರೆದರು. ಪ್ರತಿ ದಾಖಲೆಯೂ ಒಂದು ಕಮಿಟ್. ಅದರ ಗುರುತಿನ ಸಂಖ್ಯೆಯನ್ನು ಫೈಲ್‌ಗಳು, ಬರೆದವರ ಹೆಸರು, ಸಮಯ, ಜೊತೆಗೆ ಅದರ ಹಿಂದಿನ ಕಮಿಟ್‌ನ ಸಂಖ್ಯೆ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಲಾಗುತ್ತದೆ. ಹಿಂದಿನದು ಬದಲಾದರೆ ಮುಂದಿನವುಗಳ ಸಂಖ್ಯೆಯೂ ಬದಲಾಗುತ್ತದೆ.

ಗೊಂದಲದ ಮೂಲ ಇಲ್ಲೇ ಇದೆ. ನೀವು ಮೂರು ಕಮಿಟ್ ಪುಶ್ ಮಾಡಿದ್ದೀರಿ. ಆಮೇಲೆ ರೀಬೇಸ್ ಮಾಡಿದಿರಿ. ಅವೇ ಬದಲಾವಣೆಗಳು ಹೊಸ ಸಂಖ್ಯೆ ಹೊತ್ತು ಹೊಸ ಕಮಿಟ್‌ಗಳಾದವು. ಈಗ ಪುಶ್ ಮಾಡಿದರೆ ಸರ್ವರ್ ಒಪ್ಪುವುದಿಲ್ಲ. ‘ಮೊದಲು ಪುಲ್ ಮಾಡಿ’ ಎಂಬ ಸೂಚನೆ ಬರುತ್ತದೆ. ಪಾಪ, ಹೊಸಬರು ಅದನ್ನೇ ಪಾಲಿಸುತ್ತಾರೆ! ಹಳೆಯ ಮೂರು, ಹೊಸ ಮೂರು ಮರ್ಜ್ ಆಗಿ ಆರಾಗುತ್ತವೆ. ಕೋಡ್‌ನ ಸಾಲುಗಳು ಮಾತ್ರ ಸಾಮಾನ್ಯವಾಗಿ ಎರಡಾಗುವುದಿಲ್ಲ, ಇತಿಹಾಸವಷ್ಟೇ ಕಲಸಿಹೋಗುತ್ತದೆ. ಹಾಗಾಗಿ ಗಾಬರಿ ಬೇಡ.

ಮರ್ಜ್ ಆಗಿದ್ದರೂ ಇನ್ನೂ ಪುಶ್ ಆಗಿಲ್ಲವೇ? ‘ಗಿಟ್ ರಿಫ್ಲಾಗ್’ನಲ್ಲಿ ಪುಲ್‌ಗೆ ಮೊದಲಿನ ಸ್ಥಿತಿ ಹುಡುಕಿ, ‘ಗಿಟ್ ರಿಸೆಟ್ --ಹಾರ್ಡ್’ನಿಂದ ಅಲ್ಲಿಗೆ ಮರಳಿ. ಕಮಿಟ್ ಆಗದ ಬದಲಾವಣೆಗಳಿದ್ದರೆ ಈ ಆಜ್ಞೆ ಅವನ್ನು ಅಳಿಸಿಬಿಡುತ್ತದೆ, ಮೊದಲು ಉಳಿಸಿಕೊಳ್ಳಿ.

ಪುಶ್ ಆಗಿಹೋಗಿದ್ದರೆ ಮೊದಲ ಕೆಲಸ ಆಜ್ಞೆಯಲ್ಲ, ಫೋನ್ ಕರೆ. ಆ ಶಾಖೆಯನ್ನು ಯಾರು ಯಾರು ಇಳಿಸಿಕೊಂಡಿದ್ದಾರೆ ಎಂದು ಕೇಳಿ, ಸ್ವಲ್ಪ ಹೊತ್ತು ಪುಶ್ ಮಾಡಬೇಡಿ ಎನ್ನಿ. ಈಗಿನ ಸ್ಥಿತಿಗೆ ಒಂದು ಬ್ಯಾಕಪ್ ಶಾಖೆ ಮಾಡಿ. ನಂತರ ರೀಬೇಸ್ ಆದ ಸ್ಥಿತಿಗೆ ರಿಸೆಟ್ ಮಾಡಿ, ಬ್ಯಾಕಪ್ ಜೊತೆ ‘ಗಿಟ್ ಡಿಫ್’ ಹಾಕಿ ನೋಡಿ. ವ್ಯತ್ಯಾಸ ಏನೂ ಬರದಿದ್ದರೆ ಕೋಡ್ ಕಳೆದಿಲ್ಲ. ಬಂದರೆ ಬೇರೆಯವರ ಕೆಲಸ ನಡುವೆ ಸೇರಿರಬಹುದು. ಅದನ್ನು ಚೆರಿ-ಪಿಕ್ ಮಾಡಿಕೊಳ್ಳಿ.

ಕೊನೆಗೆ ಪುಶ್. ಬರೀ ‘--ಫೋರ್ಸ್’ ಬೇಡ, ‘--ಫೋರ್ಸ್-ವಿತ್-ಲೀಸ್’ ಬಳಸಿ. ನೀವು ಕೊನೆಯದಾಗಿ ನೋಡಿದ ಮೇಲೆ ಸರ್ವರ್‌ನಲ್ಲಿ ಬೇರೆ ಯಾರಾದರೂ ಕಮಿಟ್ ಸೇರಿಸಿದ್ದರೆ ಇದು ನಿಲ್ಲಿಸುತ್ತದೆ. ಆದರೆ ನಿಮ್ಮ ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡುತ್ತಿದ್ದರೆ ಈ ಕಾವಲು ಕೆಲಸಕ್ಕೆ ಬರುವುದಿಲ್ಲ.

ಇಷ್ಟಾದ ಮೇಲೂ ಒಬ್ಬ ಸಹೋದ್ಯೋಗಿ ಎಂದಿನಂತೆ ಪುಲ್ ಮಾಡಿ, ಮರ್ಜ್ ಆಗಿದ್ದನ್ನು ಪುಶ್ ಮಾಡಿದರೆ ಹಳೆಯ ಕಮಿಟ್‌ಗಳೆಲ್ಲ ವಾಪಸ್! ಅವರು ‘ಗಿಟ್ ಪುಲ್ --ರೀಬೇಸ್’ ಮಾಡಬೇಕು. ಒಂದೇ ರೀತಿಯ ಬದಲಾವಣೆಗಳನ್ನು ಗಿಟ್ ಗುರುತಿಸಿ ಬಿಡುತ್ತದೆ, ಆದರೆ ಕಾನ್‌ಫ್ಲಿಕ್ಟ್ ಬಿಡಿಸುವಾಗ ತಿದ್ದಿದ ಕಮಿಟ್‌ಗಳನ್ನು ಗುರುತಿಸಲಾರದು. ಅವನ್ನು ಕೈಯಾರೆ ಬಿಡಬೇಕು.

ಇನ್ನು ನಕಲುಗಳು ಮುಖ್ಯ ಶಾಖೆಗೇ ಸೇರಿ, ಹತ್ತಾರು ಜನ ಇಳಿಸಿಕೊಂಡಾಗಿದ್ದರೆ ಹಾಗೇ ಬಿಡಿ ಎಂಬುದೇ ನಮ್ಮ ಸಲಹೆ. ಲಾಗ್ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ.