ಪೀಠಿಕೆಯ ತೂಕ ಹೆಚ್ಚಿದ ಬಗೆ

ಸಂವಿಧಾನದ ಪೀಠಿಕೆ ಯಾರಿಗೂ ಅಧಿಕಾರ ಕೊಡುವುದಿಲ್ಲ. ಅದೊಂದನ್ನೇ ನೆಚ್ಚಿ ದಾವೆ ಹೂಡಲೂ ಆಗದು. ಹಾಗಾದರೆ ಅದರ ಕೆಲಸವೇನು? ಭಾರತದಲ್ಲಿ ಈ ಪ್ರಶ್ನೆ ಸಂವಿಧಾನ ರಚನಾ ಸಭೆಯಿಂದ ಸುಪ್ರೀಂ ಕೋರ್ಟಿನವರೆಗೆ ನಡೆದುಬಂದಿದೆ. ದಾರಿಯುದ್ದಕ್ಕೂ ಪೀಠಿಕೆಯ ತೂಕ ಹೆಚ್ಚುತ್ತಲೇ ಹೋಗಿದೆ.

ಅದರ ಬೇರು 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಮಂಡಿಸಿದ ಧ್ಯೇಯ ನಿರ್ಣಯದಲ್ಲಿದೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆಯ ಜೊತೆಗೆ ಅಧಿಕಾರದ ಮೂಲ ಜನರೇ ಎಂಬ ಮಾತೂ ಅದರಲ್ಲಿತ್ತು; ಭ್ರಾತೃತ್ವ ಇರಲಿಲ್ಲ. ಅದನ್ನು ಸೇರಿಸಿದ್ದು ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. 1948ರ ಫೆಬ್ರುವರಿಯಲ್ಲಿ ಸಮಿತಿ ಕರಡು ಒಪ್ಪಿಸಿದಾಗ ವಿಭಜನೆಯ ಗಾಯ ಹಸಿಯಾಗಿತ್ತು, ಗಾಂಧೀಜಿ ಹತ್ಯೆಯಾಗಿ ತಿಂಗಳೂ ತುಂಬಿರಲಿಲ್ಲ.

ಉಳಿದ ವಿಧಿಗಳೆಲ್ಲ ಮುಗಿದ ಮೇಲೆ, 1949ರ ಅಕ್ಟೋಬರ್ 17ರಂದು ಸಭೆ ಪೀಠಿಕೆಯನ್ನು ಕೈಗೆತ್ತಿಕೊಂಡಿತು. ಅದನ್ನು ದೇವರ ಹೆಸರಿನಲ್ಲಿ ಆರಂಭಿಸಬೇಕೆಂದು ಎಚ್.ವಿ. ಕಾಮತ್ ತಿದ್ದುಪಡಿ ಸೂಚಿಸಿದರು. ನಂಬಿಕೆಯ ಸ್ವಾತಂತ್ರ್ಯ ಸಾರುವ ಪೀಠಿಕೆಗೇ ಇದು ವಿರುದ್ಧ ಎಂದು ಹೃದಯನಾಥ ಕುಂಜ್ರು ವಾದಿಸಿದರು. ಮತಕ್ಕೆ ಹಾಕಿದಾಗ ಪರ 41, ವಿರುದ್ಧ 68. ಕೊನೆಗೆ ಪೀಠಿಕೆ ಸಂವಿಧಾನದ ಭಾಗವಾಗಿರಲಿ ಎಂಬ ಸೂಚನೆಯನ್ನು ಸಭೆ ಅಂಗೀಕರಿಸಿತು.

ಈ ಕೊನೆಯ ಸಂಗತಿ 1960ರಲ್ಲಿ ಗಮನಕ್ಕೆ ಬರಲಿಲ್ಲ. ಬೇರುಬಾರಿ ಪ್ರದೇಶದ ಅರ್ಧಭಾಗವನ್ನು ಪಾಕಿಸ್ತಾನಕ್ಕೆ ಬಿಟ್ಟುಕೊಡುವ ಒಪ್ಪಂದದ ಕುರಿತು ಅಭಿಪ್ರಾಯ ನೀಡಿದ ಸುಪ್ರೀಂ ಕೋರ್ಟ್, ಪೀಠಿಕೆ ಸಂವಿಧಾನ ಕರ್ತೃಗಳ ಮನಸ್ಸು ತೆರೆಯುವ ಕೀಲಿಕೈ ಹೌದು, ಆದರೆ ಸಂವಿಧಾನದ ಭಾಗವಲ್ಲ ಎಂದಿತು.

1973ರಲ್ಲಿ ಆ ನಿಲುವು ಬದಲಾಯಿತು. ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. 13 ನ್ಯಾಯಮೂರ್ತಿಗಳ ಪೀಠ ರಚನಾ ಸಭೆಯ ಕಡತ ನೋಡಿ, ಪೀಠಿಕೆ ಸಂವಿಧಾನದ ಭಾಗವೇ ಎಂದು ಹೇಳಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದು ಎಂದು 7–6ರ ಬಹುಮತದಿಂದ ತೀರ್ಪಿತ್ತಿತು. ಆ ಮೂಲ ಸ್ವರೂಪ ಯಾವುದೆಂದು ಗುರುತಿಸಲು ಪೀಠಿಕೆಯೂ ನೆರವಾಯಿತು. ಅರ್ಥ ಬಿಡಿಸುವ ಕೀಲಿಕೈಯಾಗಿದ್ದದ್ದು ಅಧಿಕಾರಕ್ಕೆ ಗಡಿ ತೋರಿಸುವಂತಾಯಿತು.

ತುರ್ತು ಪರಿಸ್ಥಿತಿಯ ನಡುವೆ, 1976ರ 42ನೇ ತಿದ್ದುಪಡಿ 'ಸಮಾಜವಾದಿ', 'ಜಾತ್ಯತೀತ', 'ಅಖಂಡತೆ' ಪದಗಳನ್ನು ಪೀಠಿಕೆಗೆ ಸೇರಿಸಿತು. 1989ರಲ್ಲಿ ವಜಾಗೊಂಡ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಾತ್ಯತೀತತೆ ಮೂಲ ಸ್ವರೂಪಕ್ಕೆ ಸೇರಿದ್ದು ಎಂದು ಸ್ಪಷ್ಟಪಡಿಸಿತು. ಸೇರಿಸಿದ ಪದಗಳನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ವಜಾ ಮಾಡಿತು. ಪೀಠಿಕೆಯ ತಿದ್ದುಪಡಿಯೂ ಸಂಸತ್ತಿನ ಅಧಿಕಾರದೊಳಗಿದೆ ಎಂದಿತು.

ಈ ಪಯಣದಲ್ಲಿ ಪೀಠಿಕೆಯ ಉದ್ದೇಶ ಸ್ಪಷ್ಟವಾಗುತ್ತದೆ: ಅಧಿಕಾರ ಯಾರದು, ಯಾತಕ್ಕಾಗಿ ಎಂದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ಹೇಳುತ್ತಿರುವುದು. ಸ್ವಾತಂತ್ರ್ಯ, ಸಮಾನತೆಗೆ ಮೂಲಭೂತ ಹಕ್ಕುಗಳ ಬೆಂಬಲವಿದೆ, ಭಂಗ ಬಂದರೆ ಕೋರ್ಟಿಗೆ ಹೋಗಬಹುದು. ಭ್ರಾತೃತ್ವವನ್ನು ಯಾವ ರಿಟ್ ಅರ್ಜಿಯೂ ತಂದುಕೊಡಲಾರದು. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ಇಂದು ಪೀಠಿಕೆ ಓದುತ್ತಾರೆ. ಭ್ರಾತೃತ್ವ ಎಂಬ ಮಾತು ಬಂದಾಗ ಅದು ಸರ್ಕಾರದ ಭರವಸೆ ಮಾತ್ರವಲ್ಲ, ಪಕ್ಕದಲ್ಲಿ ಕುಳಿತವರಿಗೆ ತಾವೇ ಕೊಡುತ್ತಿರುವ ಮಾತು ಎಂದು ಮೇಷ್ಟ್ರು ಅವರಿಗೆ ಬಿಡಿಸಿ ಹೇಳಬೇಕು.