ಕನ್ನಡಿಯೊಳಗಿನಂಥ ದೇಹವೂ ಶಸ್ತ್ರವೈದ್ಯನ ಕೈಯೂ

ನಮ್ಮ ಮಾರಂಡಹಳ್ಳಿಯ ಕಡೆಯ ಶಾಲೆಗಳಲ್ಲಿಯೂ ದೇಹರಚನೆಯ ಪಾಠವನ್ನು ಎಲ್ಲ ಕಡೆಯಂತೆಯೇ ಕಲಿಸುತ್ತೇವೆ: ಹೃದಯವು ಎಡಕ್ಕೆ, ಯಕೃತ್ತು ಬಲಕ್ಕೆ. ಆದರೆ ಸುಮಾರು ಹತ್ತು ಸಾವಿರ ಮಂದಿಯಲ್ಲಿ ಒಬ್ಬರ ಮಟ್ಟಿಗೆ ಈ ಪಾಠವು ಪೂರ್ಣವಾಗಿ ತಪ್ಪು. ಅವರ ಒಳಗಿನ ಅಂಗಗಳೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತವೆ. ಇಂಥವರಲ್ಲಿ ಬಹು ಮಂದಿ ಆರೋಗ್ಯದಿಂದಲೇ ಬಾಳುತ್ತಾರೆ. ಅನೇಕರಿಗೆ ಈ ಸಂಗತಿಯೇ ತಿಳಿದಿರುವುದಿಲ್ಲ. ಹೊಟ್ಟೆಯ ಎಡಭಾಗದಲ್ಲಿ ನೋವೆಂದು ಬಂದವನಲ್ಲಿ ಪಿತ್ತಕೋಶದ ಕಲ್ಲನ್ನು ಯಾರು ತಾನೆ ಶಂಕಿಸುವರು?

ಬಲಕ್ಕಿರುವ ಹೃದಯವನ್ನು ಕುರಿತು ನೇಪಲ್ಸಿನ ವೈದ್ಯ ಸೆವೆರಿನೋ 1643ರಲ್ಲಿಯೇ ಬರೆದಿದ್ದರು. ಎಲ್ಲ ಅಂಗಗಳೂ ತಿರುವುಮುರುವಾದ ದೇಹವೊಂದನ್ನು ಲಂಡನ್ನಿನ ಮ್ಯಾಥ್ಯೂ ಬೇಯ್ಲಿ 1788ರಲ್ಲಿ ವಿವರವಾಗಿ ವರ್ಣಿಸಿದರು. ಅದು ವಿದ್ಯಾರ್ಥಿಗಳ ಕಲಿಕೆಗೆಂದು ತಂದ ಶವ. ಬದುಕಿರುವವರ ಒಳಗನ್ನು ನೋಡಲು 1895ರಲ್ಲಿ ಕ್ಷಕಿರಣವು ಬರಬೇಕಾಯಿತು.

ಯಕೃತ್ತಿನ ಮಾತೇ ಬೇರೆ. ಸುಮಾರು ಒಂದೂವರೆ ಕಿಲೋ ತೂಕದ ಈ ಅಂಗದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಕೊಯ್ದರೆ ರಕ್ತ ನಿಲ್ಲದು. ಬರ್ಲಿನ್ನಿನ ಲಾಂಗೆನ್‌ಬುಕ್ 1888ರಲ್ಲಿ ಯಕೃತ್ತಿನ ಗಡ್ಡೆಯೊಂದನ್ನು ತೆಗೆದ ವರದಿ ಕೊಟ್ಟರು. ರಕ್ತಸ್ರಾವದಿಂದಾಗಿ ಆ ರೋಗಿಯ ಹೊಟ್ಟೆಯನ್ನು ಅವರು ಮತ್ತೆ ತೆರೆಯಬೇಕಾಗಿತ್ತು. ಫ್ರಾನ್ಸಿನ ಕ್ವಿನೋ 1957ರ ತಮ್ಮ ಗ್ರಂಥದಲ್ಲಿ ಯಕೃತ್ತನ್ನು ರಕ್ತನಾಳಗಳ ಕವಲಿಗನುಸಾರ ಎಂಟು ಭಾಗಗಳಾಗಿ ವಿಂಗಡಿಸಿದರು. ಹೊಲದ ಬದುಗಳನ್ನು ಗುರುತಿಸಿದಂತೆ, ಎಲ್ಲಿ ಕೊಯ್ಯಬಹುದೆಂಬುದು ಅದರಿಂದ ತಿಳಿಯಿತು.

ಸಣ್ಣ ರಂಧ್ರಗಳ ಮೂಲಕ ಹೊಟ್ಟೆಯೊಳಗೆ ನೋಡುವ ವಿದ್ಯೆಯು ಬೇರೊಂದು ದಾರಿಯಿಂದ ಬಂದಿತು. 1901ರಲ್ಲಿ ಜರ್ಮನಿಯ ಕೆಲಿಂಗ್ ನಾಯಿಯ ಹೊಟ್ಟೆಯೊಳಗೆ ನೋಡಿದರು. 1910ರಲ್ಲಿ ಸ್ವೀಡನ್ನಿನ ಯಾಕೋಬೇಯುಸ್ ಮನುಷ್ಯರಲ್ಲಿ ನೋಡಿದರು. ಈ ರೀತಿಯಲ್ಲಿ ಪಿತ್ತಕೋಶವನ್ನು ತೆಗೆದವರು 1985ರಲ್ಲಿ ಜರ್ಮನಿಯ ಮ್ಯೂಹೆ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಉದ್ವಾಡಿಯಾ ಅದನ್ನು ಮಾಡಿದರು. 1991ರಲ್ಲಿ ಎರಡು ವರದಿಗಳು ಹೊರಬಂದವು: ಒಂದು ರಂಧ್ರದ ಮೂಲಕ ಯಕೃತ್ತಿನ ಗಡ್ಡೆ ತೆಗೆದದ್ದು; ಇನ್ನೊಂದು ಕನ್ನಡಿಯೊಳಗಿನಂಥ ದೇಹದಿಂದ ಪಿತ್ತಕೋಶ ತೆಗೆದದ್ದು. ಇವೆರಡೂ ಒಂದೇ ರೋಗಿಯಲ್ಲಿ ಕೂಡಿದ ಪ್ರಸಂಗಗಳು ಇಂದಿಗೂ ವಿರಳ.

ತೊಡಕೆಲ್ಲಿ? ಎಡಬಲ ಬದಲಾದುದು ಮಾತ್ರವಲ್ಲ, ಇಂಥವರಲ್ಲಿ ರಕ್ತನಾಳಗಳೂ ಕೆಲವೊಮ್ಮೆ ವಾಡಿಕೆಯ ದಾರಿ ಬಿಟ್ಟಿರುತ್ತವೆ. ಆದುದರಿಂದ ಸಿ.ಟಿ. ಚಿತ್ರಗಳಿಂದ ನಾಳಗಳ ನಕ್ಷೆಯನ್ನು ಮೊದಲೇ ಸಿದ್ಧಪಡಿಸುತ್ತಾರೆ. ಅದಾದರೂ ಕೈಯ ಅಭ್ಯಾಸ ಉಳಿಯುತ್ತದೆ. ವರ್ಷಗಟ್ಟಲೆ ಒಂದೇ ದಿಕ್ಕಿನಲ್ಲಿ ಪಳಗಿದ ಬಲಗೈ ಇಲ್ಲಿ ತಡವರಿಸುತ್ತದೆ. ಎಡಗೈ ವಾಡಿಕೆಯ ಶಸ್ತ್ರವೈದ್ಯರಿಗೆ ಈ ಕೆಲಸವು ಸುಲಭವೆಂದು ಕೆಲವರು ಬರೆದಿದ್ದಾರೆ. (ಎಡಗೈಯಲ್ಲಿ ಬಳಪ ಹಿಡಿದ ಮಗುವನ್ನು ಗದರಿಸುವ ನನ್ನ ಸಹೋದ್ಯೋಗಿಗಳು ಇದನ್ನು ಓದಲಿ.) ಉಳಿದವರು ಪರದೆಯನ್ನು ಆಚೆಗೆ ಸರಿಸಿ, ಎಂದಿನ ಪಕ್ಕ ಬಿಟ್ಟು ರೋಗಿಯ ಇನ್ನೊಂದು ಪಕ್ಕದಲ್ಲಿ ನಿಂತು, ಅಕ್ಷರ ತಿದ್ದಲು ಕುಳಿತ ಮಗುವಿನಷ್ಟೇ ನಿಧಾನವಾಗಿ ಕೈ ನಡೆಸುತ್ತಾರೆ.