ಕೂಲಿ: ಒಂದು ಪದದ ಪತನ

ಪಂಚ ಸಮಿತಿಗಳಲ್ಲಿ ಎರಡನೆಯದು ಭಾಷಾ ಸಮಿತಿ. ಹಿತವೂ ಮಿತವೂ ಆದ ಮಾತನ್ನಾಡುವುದು ಮುನಿಗಳಿಗೆ ವಿಧಿಸಿದ ನಿಯಮವಾದರೂ, ಶ್ರಾವಕನು ಯಥಾಶಕ್ತಿ ಅದನ್ನು ಅಭ್ಯಾಸ ಮಾಡಬೇಕು. ಈ ಅಭ್ಯಾಸ ನಮ್ಮಲ್ಲಿ ಎಷ್ಟಿದೆಯೆಂದು ಪರೀಕ್ಷಿಸಲು ನಿತ್ಯ ಬಳಕೆಯ ಒಂದೇ ಪದ ಸಾಕು. ಆ ಪದ 'ಕೂಲಿ'.

ಕನ್ನಡ ಮತ್ತು ತಮಿಳಿನಲ್ಲಿ ಕೂಲಿಯೆಂದರೆ ದುಡಿಮೆಗೆ ಸಲ್ಲುವ ಪ್ರತಿಫಲ. ದುಡಿಯುವವನು ಕೂಲಿಕಾರ, ಅವನಿಗೆ ನ್ಯಾಯವಾಗಿ ಸೇರಬೇಕಾದದ್ದು ಕೂಲಿ. ಇಂಗ್ಲಿಷಿನ 'ಕೂಲಿ' ಇದರಿಂದಲೇ ಹುಟ್ಟಿತೆಂಬುದು ಒಂದು ಮತ. ಗುಜರಾತಿನ ಕೋಲಿ ಜನಾಂಗದ ಹೆಸರಿನಿಂದ ಬಂದಿತೆಂಬುದು ಮತ್ತೊಂದು. ಮೂಲ ಯಾವುದೇ ಇರಲಿ, ಇಂಗ್ಲಿಷಿನಲ್ಲಿ ಪ್ರತಿಫಲದ ಅರ್ಥ ಅಳಿದುಹೋಗಿ, ಹೊರೆ ಹೊರುವ ಮನುಷ್ಯನೇ 'ಕೂಲಿ' ಎನಿಸಿದನು.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಕಾಯ್ದೆ 1834ರಲ್ಲಿ ಜಾರಿಗೆ ಬಂದಿತು. ಅದೇ ವರ್ಷ ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಭಾರತೀಯರನ್ನು ಸಾಗಿಸಲಾರಂಭಿಸಿದರು. ಅವರು ಇಳಿಯುತ್ತಿದ್ದ ಬಂದರುಕಟ್ಟೆಗೆ 'ಕೂಲಿ ಘಾಟ್' ಎಂಬ ಹೆಸರೇ ಬಿದ್ದಿತು. ಇಂದು ಅದು 'ಆಪ್ರವಾಸಿ ಘಾಟ್'. 2006ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿತು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಗಾಂಧೀಜಿಯವರನ್ನು ಅಲ್ಲಿನ ಬಿಳಿಯರು 'ಕೂಲಿ ಬ್ಯಾರಿಸ್ಟರ್' ಎಂದರು. ವಿದ್ಯೆಯಾಗಲಿ ವೃತ್ತಿಯಾಗಲಿ ಆ ಕಳಂಕವನ್ನು ತೊಡೆಯಲಿಲ್ಲ. ಕರಾರು ಕಾರ್ಮಿಕರ ನೇಮಕ 1917ರಲ್ಲಿ ನಿಂತರೂ ಪದ ನಿಲ್ಲಲಿಲ್ಲ. ಇಂದಿಗೂ ಆ ದೇಶದಲ್ಲಿ ಅದು ಬೈಗುಳ.

ಅದೇ ಪದ ಹೊಸ ವೇಷದಲ್ಲಿ ತವರಿಗೆ ಮರಳಿತು. 2004ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಹೊರಗುತ್ತಿಗೆ ಕಂಪನಿಗಳ ನೌಕರರ ಅಭದ್ರತೆಯನ್ನು ಕುರಿತು ಬಂದ ಲೇಖನದ ಶೀರ್ಷಿಕೆಯಲ್ಲಿ 'ಸೈಬರ್ ಕೂಲಿ' ಎಂಬ ಮಾತಿತ್ತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ತಂತ್ರಜ್ಞರಿಗೂ ಈ ಮಾತು ಅಂಟಿಕೊಂಡಿತು. ಕೇಳಿದವರು ನೊಂದರು. ಆದರೆ ಆ ನೋವಿನ ಬೇರೆಲ್ಲಿದೆ? ಪೀಣ್ಯದ ಕಾರ್ಖಾನೆಯಲ್ಲಿ ಲಾರಿಗೆ ಸರಕು ತುಂಬುವವನನ್ನು, ಅದೇ ಐಟಿ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳನ್ನು ಹಾಗೆ ಕರೆದಾಗ ಯಾರಿಗೂ ತಪ್ಪೆನಿಸಿರಲಿಲ್ಲ. ಗಣಕಯಂತ್ರದ ಮುಂದೆ ಕುಳಿತವನಿಗೆ ಅವಮಾನವಾದ ಪದವು ಹೊರೆ ಹೊತ್ತವನಿಗೆ ಗೌರವವಾಗಲು ಸಾಧ್ಯವೇ?

2016ರ ರೈಲ್ವೆ ಮುಂಗಡಪತ್ರದಲ್ಲಿ ನಿಲ್ದಾಣದ ಕೂಲಿಗಳನ್ನು 'ಸಹಾಯಕ'ರೆಂದು ಕರೆಯುವುದಾಗಿ ಘೋಷಿಸಲಾಯಿತು. ಹೆಸರು ಬದಲಾಯಿಸುವುದು ಒಳ್ಳೆಯದೇ; ಅಷ್ಟೇ ಸಾಲದು. ಉಮಾಸ್ವಾಮಿಗಳು ತತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದಗಳ ಬಳಿಕ ಬರುವವು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಶಕ್ತಿಮೀರಿ ಹೊರೆ ಹೊರಿಸುವುದು ಮೊದಲನೆಯದು. ದುಡಿದವನ ಕೂಲಿಯನ್ನು ತಡೆದರೆ ಅವನ ಅನ್ನವನ್ನೇ ತಡೆದಂತೆ. ಅದು ಎರಡನೆಯದಕ್ಕೆ ಸಮ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಅಪ್ರಿಯ ವಚನವನ್ನೂ ಅಸತ್ಯದಲ್ಲಿಯೇ ಎಣಿಸಿದ್ದಾರೆ. ಹೀಗೆ ಒಂದೇ ಪದದ ಸುತ್ತ ಅಹಿಂಸೆ ಮತ್ತು ಸತ್ಯ ಎರಡೂ ವ್ರತಗಳು ಪರೀಕ್ಷೆಗೆ ಒಳಗಾಗುತ್ತವೆ.

ಬಸದಿಯ ಜೀರ್ಣೋದ್ಧಾರದ ಲೆಕ್ಕದಲ್ಲಿ 'ಕೂಲಿ ವೆಚ್ಚ' ಎಂದು ಬರೆಯುವುದರಲ್ಲಿ ದೋಷವಿಲ್ಲ. ಅಲ್ಲಿ ಪದ ತನ್ನ ಮೂಲಾರ್ಥದಲ್ಲಿಯೇ ಇದೆ. ಕಲ್ಲು ಹೊರುವವನನ್ನು ಹೆಸರು ಹಿಡಿದು ಕರೆಯದೆ 'ಕೂಲಿ' ಎಂದು ಕೂಗುವುದು ದೋಷ. ಟ್ರಸ್ಟಿನವರೂ ವ್ಯಾಪಾರಿಗಳೂ ಈ ಭೇದವನ್ನರಿತು ನಡೆಯಬೇಕು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳು, ಅಂದು ದುಡಿದವರ ಕೂಲಿಯನ್ನೂ ಸೂರ್ಯಾಸ್ತಕ್ಕೆ ಮುನ್ನವೇ ಸಲ್ಲಿಸಲಿ.